ಗೆಳೆಯನಿಗೊಂದು ಪತ್ರ: ಎಡಗಡೆಯ ಮೂರನೆಯ ಮೆಟ್ಟಿಲು

ಹುಬ್ಬಳ್ಳಿ
ಶ್ರಾವಣದ ಒಂದು ರಾತ್ರಿ

ಪ್ರೀತಿಯ ಗೆಳೆಯಾ,

ಮೊನ್ನೆ ನಿನ್ನ ಫೋನ್ ಬಂದಾಗ ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ಅಲ್ಲಿ ಪುಣೆಯ ಮಳೆ, ಇಲ್ಲಿ ಅಂಗಡಿಯ ತಗಡಿನ ಮೇಲೆ ನಮ್ಮ ಮಳೆ. ಅರ್ಧ ಮಾತು ಕೇಳಿಸಲೇ ಇಲ್ಲ. ನಿನ್ನ ಮಗಳು ಹೊಲಿಗೆ ಕಲಿಯುತ್ತಿದ್ದಾಳೆ, ಚೀಲ, ದಿಂಬಿನ ಗವಸು ಎಂದು ಏನೇನೋ ಮಾಡುತ್ತಿದ್ದಾಳೆ, "ಕಾಕಾನಿಗೆ ಇಷ್ಟೆಲ್ಲ ವಿನ್ಯಾಸ ಎಲ್ಲಿಂದ ಹೊಳೆಯುತ್ತವೆ, ಕೇಳಪ್ಪಾ" ಎಂದಳು ಎಂಬುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. "ಹಾಗೇ ಹೊಳೆಯುತ್ತವೆ ಬಿಡು" ಎಂದು ಮಾತು ಹಾರಿಸಿದೆ. ಅಂದಿನಿಂದ ನಿದ್ದೆ ಸರಿಯಾಗಿಲ್ಲ.

ಈ ಪತ್ರವನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ. ಅದಕ್ಕೆ ಕಾರಣವಿದೆ, ಮುಂದೆ ತಿಳಿಯುತ್ತದೆ. ಪಂಚಮಿಯ ಪ್ಯಾಂಟಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮೊದಲು ನಿನ್ನ ಮಗಳ ಪ್ರಶ್ನೆ. ಅಪ್ಪನ ಕಾಲದ ಅಂಗಡಿ ನಿನಗೆ ಗೊತ್ತಲ್ಲ, ಅಂಗಿ, ಪಾಯಿಜಾಮ, ಹಬ್ಬದ ಮುಂಚಿನ ಹದಿನೈದು ದಿನ ರಾತ್ರಿಯೆಲ್ಲ ದೀಪ. ಸಿದ್ಧ ಉಡುಪು ಬಂದ ಮೇಲೆ ಆ ಕೆಲಸ ಕರಗಿಹೋಯಿತು. ನಾನು ಚೀಲಕ್ಕೆ ಇಳಿದದ್ದು ಹೊಟ್ಟೆಪಾಡಿಗೆ. ಅದರ ರುಚಿ ಹತ್ತಿದ್ದು ಆಮೇಲೆ. ದುರ್ಗದಬೈಲಿನ ಬಟ್ಟೆ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ಖಣದ ತುಂಡುಗಳನ್ನು ಆರಿಸಿ ತರುತ್ತಿದ್ದೆ. ಗುಳೇದಗುಡ್ಡದ ಖಣದಲ್ಲಿ ಬಣ್ಣಗಳು ಒಂದಕ್ಕೊಂದು ಜಗಳವಾಡುತ್ತಲೇ ಹೊಂದಿಕೊಳ್ಳುತ್ತವೆ. ಗಿಳಿಹಸಿರಿನ ಪಕ್ಕ ಕುಂಕುಮದ ಕೆಂಪು, ನಡುವೆ ಸಣ್ಣ ಬುಟ್ಟಾ. ಆ ತುಂಡುಗಳನ್ನು ಮೇಜಿನ ಮೇಲೆ ಹರಡಿ ಅತ್ತಿತ್ತ ಸರಿಸುವಾಗಲೇ ನನ್ನ ಅರ್ಧ ಚೀಲಗಳು ಹುಟ್ಟಿದವು. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುವ ನಮ್ಮ ಕಡೆಯ ಅಜ್ಜಿಯರಿಗೂ ಮೊದಲು ಕೈಗೆ ಸಿಕ್ಕದ್ದು ಬಟ್ಟೆ, ಆಮೇಲೆ ಚಿತ್ತಾರ.

ಇನ್ನು ಕಣ್ಣಿಗೆ ಬಿದ್ದದ್ದರಿಂದ ಹೊಳೆದವು ಕೆಲವು. 2023ರ ಜನವರಿಯಲ್ಲಿ ಹಾವೇರಿಯ ಸಾಹಿತ್ಯ ಸಮ್ಮೇಳನಕ್ಕೆ ಹೋಗಿದ್ದೆ. ಭಾಷಣಗಳು ಅಷ್ಟಾಗಿ ನೆನಪಿಲ್ಲ, ಆ ಊರಿನ ಏಲಕ್ಕಿ ಹಾರ ಮರೆತಿಲ್ಲ. ಒಂದೊಂದು ಏಲಕ್ಕಿಯೂ ಮೊಗ್ಗಿನಂತೆ ಸಾಲಾಗಿ ಕೂತಿತ್ತು. ಅಡುಗೆಮನೆಯ ಡಬ್ಬಿಯಲ್ಲಿ ಇರುವಂಥದ್ದು ಅಷ್ಟು ಸೊಗಸಾಗಿ ಕಾಣಬಲ್ಲದು ಎಂದು ನಾನು ಎಣಿಸಿರಲಿಲ್ಲ. ಮನೆಗೆ ಬಂದು ಒಂದು ಚೀಲದ ಅಂಚಿಗೆ ಸೀತಾಫಲದ ಬೀಜ ಪೋಣಿಸಿದೆ. ಗದಗದ ಹತ್ತಿರದ ಲಕ್ಕುಂಡಿಗೂ ಹೋಗಿದ್ದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವನಾಥ ಗುಡಿಯ ಬಾಗಿಲುವಾಡದ ಕೆತ್ತನೆ, ಮಾಣಿಕೇಶ್ವರ ಗುಡಿಯ ಎದುರಿನ ಮುಸುಕಿನ ಬಾವಿ. ಆ ಬಾವಿಯ ದಂಡೆಯಲ್ಲಿ ಎರಡು ತಾಸು ಕೂತಿದ್ದೆ. ಮೆಟ್ಟಿಲುಗಳು ನೀರಿಗೆ ಇಳಿಯುತ್ತ ಇಳಿಯುತ್ತ ಕಿರಿದಾಗುವುದನ್ನು ನೋಡುತ್ತಿದ್ದರೆ ಯಾರೋ ಕಲ್ಲಿನಲ್ಲಿ ಕಸೂತಿ ಹಾಕಿದ್ದಾರೆ ಎನ್ನಿಸಿತ್ತು. ಎಷ್ಟು ಹತ್ತಿರ ಬಂದಿದ್ದೆ ನೋಡು, ಆದರೂ ತಿಳಿಯಲಿಲ್ಲ.

ಇದರಲ್ಲಿ ಸುಳ್ಳಿಲ್ಲ. ಇಷ್ಟೇ ಹೇಳಿ ಪತ್ರ ಮುಗಿಸಿದ್ದರೆ ಎಲ್ಲರಿಗೂ ಚೆನ್ನಾಗಿರುತ್ತಿತ್ತು. ಆದರೆ ಹೆಚ್ಚು ಮಾರಾಟವಾದದ್ದು, ನನಗೆ ಹೆಸರು ತಂದದ್ದು ಆ "ಗೋಪುರ ಚೀಲ". ಅದು ಇವು ಯಾವುದರಿಂದಲೂ ಬಂದದ್ದಲ್ಲ.

ಎದುರು ಮನೆಯ ಆಯಿ ನಿನಗೆ ನೆನಪಿರಬೇಕು, ನಮ್ಮ ಚೆಂಡನ್ನು ಒಮ್ಮೆಯೂ ಹಿಂದಿರುಗಿಸದಿದ್ದವರು. ಎರಡು ವರ್ಷದ ಹಿಂದೆ ಸಂಜೆ ಹೊತ್ತು ಅವರ ಕಟ್ಟೆಗೆ ಹೋಗಿ ಕಸೂತಿ ಕಲಿತೆ. ಗವಂತಿ, ಮುರಗಿ, ನೇಯ್ಗೆ, ಮೆಂತೆ, ನಾಲ್ಕೂ ಹೊಲಿಗೆ. ಒಂದು ರೂಪಾಯಿ ಕೇಳಲಿಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ. ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬರಬೇಕು. ದಾರಿ ಮೊದಲೇ ತಲೆಯಲ್ಲಿ ಇರದಿದ್ದರೆ ನಡುವೆ ಸಿಕ್ಕಿಹಾಕಿಕೊಳ್ಳುತ್ತೀಯ, ಬಿಚ್ಚದೆ ಗತಿಯಿಲ್ಲ. ಮುರಗಿಯದೂ ಇದೇ ರೀತಿ, ಆದರೆ ಮೆಟ್ಟಿಲಿನಂತೆ ಏರಿಳಿಯುತ್ತದೆ. ಸರಿಯಾಗಿ ಹಾಕಿದರೆ ಇವೆರಡಕ್ಕೂ ಹಿಂಬದಿ ಎಂಬುದೇ ಇಲ್ಲ. ನಮ್ಮ ಬೆಂಗೇರಿಯ ಖಾದಿ ಘಟಕದಲ್ಲಿ ರಾಷ್ಟ್ರಧ್ವಜ ಸಿದ್ಧವಾಗುವಾಗ 24 ಅರಗಳ ಚಕ್ರ ಎರಡೂ ಬದಿಗೆ ಒಂದರ ಮೇಲೊಂದು ಕೂರಬೇಕಲ್ಲ, ಅದೇ ಹಟ ಇಲ್ಲೂ.

ಆಯಿಯ ಬಳಿ ಒಂದು ನಮೂನೆ ಬಟ್ಟೆ ಇದೆ. ಅರ್ಧ ಗಜದ ಬಿಳಿ ಬಟ್ಟೆ, ಮಾಸಿ ಕೆನೆಬಣ್ಣಕ್ಕೆ ತಿರುಗಿದೆ. ತುಳಸಿಕಟ್ಟೆ, ಆನೆ, ತೊಟ್ಟಿಲು, ಪಲ್ಲಕ್ಕಿ, ತೇರು, ಹೀಗೆ ತಮಗೆ ಬರುವುದನ್ನೆಲ್ಲ ಅದರಲ್ಲಿ ಹಾಕಿಟ್ಟಿದ್ದಾರೆ. ಅದರ ಮೂಲೆಯಲ್ಲಿ ಕಪ್ಪು ಮತ್ತು ಕೆಂಪು ದಾರದ ಒಂದು ಚಿತ್ತಾರ, ಎರಡೂ ಬದಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಸೇರುತ್ತ ಹೋಗುವುದು. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಮನೆಗೆ ಬಂದು ಗಣಿತದ ಚೌಕದ ಹಾಳೆಗೆ ಇಳಿಸಿದೆ. ಒಂದು ಕಡೆ ಒಂದು ಮೆಟ್ಟಿಲು ಗಿಡ್ಡವಾಗಿತ್ತು, ಕಣ್ತಪ್ಪಿ ಬಿಟ್ಟಿರಬೇಕು ಎಂದು ಅದನ್ನು ಉಳಿದವುಗಳಿಗೆ ಸಮ ಮಾಡಿದೆ. ದಪ್ಪ ನೂಲಿನ ಮ್ಯಾಟಿ ಬಟ್ಟೆಗೆ ಹಾಕಿ ಖಣದ ಚೀಲಕ್ಕೆ ಜೋಡಿಸಿದೆ. ಕಳೆದ ದೀಪಾವಳಿಗೆ ಅದರ ಚಿತ್ರ ಎಲ್ಲರಿಗೂ ಕಾಣುವಂತೆ ಹಾಕಿ ಕೆಳಗೆ ಬರೆದೆ: "ಗೋಪುರ ಚೀಲ. ನನ್ನದೇ ವಿನ್ಯಾಸ."

ನೀನೂ ಮೆಚ್ಚಿದ್ದೆ. "ಅಪ್ಪನನ್ನು ಮೀರಿಸಿದೆ" ಎಂದು ಬರೆದಿದ್ದೆ. ಹನ್ನೊಂದು ಚೀಲ ಒಂದೇ ವಾರದಲ್ಲಿ ಹೋದವು, ಒಂದಕ್ಕೆ 650 ರೂಪಾಯಿ. ಬೆಂಗಳೂರಿನ ಅಂಗಡಿಯೊಂದರಿಂದ ನಲವತ್ತಕ್ಕೆ ಬೇಡಿಕೆ ಬಂತು.

ಕಳೆದ ತಿಂಗಳು ಆಯಿಯ ಮೊಮ್ಮಗ ಆ ಚಿತ್ರವನ್ನು ಅವರಿಗೆ ತೋರಿಸಿದ. ಆಯಿ ನನ್ನನ್ನು ಕರೆಸಿದರು. "ಚೀಲ ತಾ, ನೋಡೋಣ" ಎಂದರು. ಕೊಟ್ಟೆ. ಅವರು ಅದನ್ನು ತಲೆಕೆಳಗಾಗಿ ತಿರುಗಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಕಣ್ಣು ಮಂದವಾಗಿದೆ, ಹಿಡಿದದ್ದು ತಿಳಿದಿಲ್ಲ ಎಂದುಕೊಂಡು ಸರಿಪಡಿಸಲು ಕೈ ಚಾಚಿದೆ. ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಹೆಬ್ಬೆರಳ ಉಗುರಿನಿಂದ ಎಳೆ ಎಣಿಸತೊಡಗಿದರು. ಬೆರಳು ನಡುಗುತ್ತಿತ್ತು, ಎಣಿಕೆ ನಡುಗುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಹೇಳಿದರು:

"ತಮ್ಮಾ, ಎಡಗಡೆ ಮೂರನೆಯ ಮೆಟ್ಟಿಲಿಗೆ ಒಂದು ಹೊಲಿಗೆ ಹೆಚ್ಚು ಬಿದ್ದಿದೆ."

ನಿಮ್ಮ ಬಟ್ಟೆಯಲ್ಲಿ ಗಿಡ್ಡವಾಗಿತ್ತು, ನಾನೇ ಸಮ ಮಾಡಿದೆ ಎಂದೆ.

"ಅಲ್ಲಿ ಕಲ್ಲು ಮುರಿದಿತ್ತು."

ಅದು ಗೋಪುರವಲ್ಲ, ಗೆಳೆಯಾ. ಬಾವಿ. ಗದಗ ತಾಲ್ಲೂಕಿನ ಅವರ ತವರೂರಿನ ಬಾವಿ. ಮೇಲಿನಿಂದ ಮೂರನೆಯ ಮೆಟ್ಟಿಲಿನ ಎಡತುದಿ ಮುರಿದಿತ್ತಂತೆ. ಕೊಡ ಹೊತ್ತು ಹತ್ತುವಾಗ ಅಲ್ಲಿ ಕಾಲನ್ನು ಒಳಗೆ ಸರಿಸಿ ಇಡಬೇಕಿತ್ತು, ದಿನವೂ ಅವರ ಅವ್ವ ದಂಡೆಯ ಮೇಲೆ ನಿಂತು "ಮೂರನೆಯದು!" ಎಂದು ಕೂಗುತ್ತಿದ್ದಳಂತೆ. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೊದಲ ಮಳೆಗಾಲದಲ್ಲಿ ಅದನ್ನು ಬಟ್ಟೆಗೆ ಇಳಿಸಿದರು. ಬಾವಿಯನ್ನು ಮುಚ್ಚಿ ಎಷ್ಟೋ ವರ್ಷವಾಯಿತು. ಅದು ಉಳಿದಿರುವುದು ಆ ಮೂಲೆಯಲ್ಲಿ ಮಾತ್ರ. ನಾನು ಅದನ್ನು ತಲೆಕೆಳಗು ಮಾಡಿ, ಮುರಿದ ಕಲ್ಲನ್ನು ಸರಿಪಡಿಸಿ, ನನ್ನ ಹೆಸರು ಹಾಕಿ ಮಾರಿದೆ.

"ಮೊದಲೇ ಏಕೆ ಹೇಳಲಿಲ್ಲ ಆಯಿ?" ಎಂದು ಕೇಳಿದೆ. "ನೀನು ಕೇಳಲಿಲ್ಲವಲ್ಲ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಎರಡು ವರ್ಷ ಅವರ ಪಕ್ಕ ಕೂತು ಎಳೆ ಎಣಿಸಿದವನು, ಇದು ಏನು ಎಂದು ಒಂದು ದಿನವೂ ಕೇಳಿರಲಿಲ್ಲ.

ಇನ್ನೊಂದು ಮಾತಿದೆ. ಬರೆಯಬಾರದು ಎಂದುಕೊಂಡಿದ್ದೆ. "ನನ್ನದೇ ವಿನ್ಯಾಸ" ಎಂದು ಬರೆಯುವಾಗ ನನಗೆ ಮರೆವಿರಲಿಲ್ಲ. ಆಯಿಯ ನೆನಪಾಗಿತ್ತು. ಅವರ ಕೈ ನಡುಗುತ್ತದೆ, ಸೂಜಿ ಹಿಡಿದು ವರ್ಷವಾಯಿತು, ಇನ್ನು ಇದನ್ನು ಹಾಕುವವರು ಯಾರೂ ಇಲ್ಲ ಎಂಬುದೂ ನೆನಪಾಗಿತ್ತು. ಅವರ ಕೈ ನಡುಗುವುದು ನನಗೆ ಅನುಕೂಲವಾಗಿ ಕಂಡಿತ್ತು. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಅವಳೂ ಇಲ್ಲೇ ಓದುತ್ತಾಳೆ.

ಸುಳ್ಳನ್ನು ಎಲ್ಲರ ಮುಂದೆ ಬರೆದವನು ನಿಜವನ್ನು ನಿನ್ನೊಬ್ಬನ ಕಿವಿಯಲ್ಲಿ ಹೇಳಿದರೆ ಆಗುವುದಿಲ್ಲ. ಅದಕ್ಕೇ ಈ ಪತ್ರ ಇಲ್ಲಿದೆ. ಬೆಂಗಳೂರಿನವರಿಗೂ ತಿಳಿಸಿದ್ದೇನೆ, ಹೊಸ ಚೀಟಿಯಲ್ಲಿ "ಆಯಿಯ ಬಾವಿ" ಎಂದು ಬರುತ್ತದೆ. ಮಾರಿದ ಚೀಲಗಳ ಹಣದಲ್ಲಿ ಅವರ ಪಾಲು ಒಯ್ದು ಕೊಟ್ಟೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಎರಡು ಸಲ ಎಣಿಸಿ ಡಬ್ಬಿಯಲ್ಲಿ ಇಟ್ಟುಕೊಂಡರು. ನನಗೆ ಎಷ್ಟು ಸಮಾಧಾನವಾಯಿತು ಎಂದು ಹೇಳಲಾರೆ. ಈಗ ಸಂಜೆ ಅವರ ಕಟ್ಟೆಯ ಮೇಲೆ ಕೂತು ನಲವತ್ತು ಚೀಲಗಳ ಮೂರನೆಯ ಮೆಟ್ಟಿಲು ಬಿಚ್ಚುತ್ತಿದ್ದೇನೆ. ಹದಿನಾಲ್ಕು ಆಗಿವೆ. ಗಂಟಿಲ್ಲದ ಹೊಲಿಗೆಯನ್ನು ನಡುವೆ ಬಿಚ್ಚಿದರೆ ಉಳಿದದ್ದೂ ಸಡಿಲಾಗುತ್ತದೆ, ಕೆಲವನ್ನು ಮೊದಲಿನಿಂದ ಹಾಕಬೇಕಾಯಿತು. ಆಯಿ ಪಕ್ಕದಲ್ಲಿ ಕೂತು ಎಣಿಸುತ್ತಾರೆ. ನಾನು ತುಳಸಿಕಟ್ಟೆ ಯಾರ ಮನೆಯದು, ತೊಟ್ಟಿಲು ಯಾರದು ಎಂದು ಕೇಳುತ್ತೇನೆ. ತೊಟ್ಟಿಲ ಬಗ್ಗೆ ಇನ್ನೂ ಹೇಳಿಲ್ಲ.

ಸಾಕು. ಮಳೆ ನಿಂತಿದೆ, ಹನ್ನೊಂದು ಹೊಡೆಯಿತು, ನೀನು ಓದುತ್ತ ಓದುತ್ತ ಮುಖ ಗಂಟಿಕ್ಕಿಕೊಂಡಿರುತ್ತೀಯ. ಬಿಡು. ಹಬ್ಬಕ್ಕೆ ಬರುವಾಗ ಅಲ್ಲಿಯ ಬಾಕರವಡಿ ತಾ, ಇಲ್ಲಿ ಪೇಡೆ ಕಾದಿರುತ್ತದೆ. ಆ ಚೆಂಡು ಎಲ್ಲಿದೆ ಎಂದೂ ಆಯಿಯನ್ನು ಕೇಳಿದ್ದೇನೆ. ಉತ್ತರವನ್ನು ನೀನು ಬಂದ ಮೇಲೆಯೇ ಹೇಳುವುದು.

ನಿನ್ನ ಮಗಳಿಗೆ ಒಂದು ಚೌಕದ ಹಾಳೆಯ ನೋಟುಬುಕ್ಕು ಕೊಡಿಸು. ನನ್ನ ಮೊಬೈಲಿನಲ್ಲಿ ಬೇರೆಯವರ ಚೀಲಗಳ ಚಿತ್ರ ಸಾವಿರಕ್ಕೂ ಹೆಚ್ಚು ಇದ್ದವು, ಅಳಿಸಿದೆ. ಈಗ ನಾನೂ ನೋಟುಬುಕ್ಕಿನಲ್ಲಿ ಇಳಿಸುತ್ತಿದ್ದೇನೆ. ಮೊದಲ ಪುಟದಲ್ಲಿ ಅಂಗಡಿಯ ಮುಂದಿನ ಬೆಂಚು, ನೀನು ದಿನವೂ ಬಂದು ಕೂರುತ್ತಿದ್ದದ್ದು. ಮೂರು ಕಾಲು, ನಾಲ್ಕನೆಯದರ ಜಾಗದಲ್ಲಿ ಇಟ್ಟಿಗೆ. ಇಟ್ಟಿಗೆಗೆ ಒಂಬತ್ತು ಹೊಲಿಗೆ ಹಿಡಿಯಿತು. ಅದನ್ನು ಹಾಕಿದ ಚೀಲವನ್ನು ಅವಳಿಗೆ ಕಳಿಸುತ್ತಿದ್ದೇನೆ. ಜೇಬನ್ನು ಎಡಗಡೆಗೇ ಇಟ್ಟಿದ್ದೇನೆ. ಏಕೆ ಎಂದು ಅವಳು ಕೇಳಿದರೆ ನೀನೇ ಹೇಳು.

ನಿನ್ನ,
ದರ್ಜಿ