ಬಾಗಿಲಲ್ಲಿ ನಿಲ್ಲುವ ಮಗಳಿಗೆ

ಪುಣೆ
ಬುಧವಾರ ರಾತ್ರಿ

ಪ್ರೀತಿಯ ಮಗಳೇ,

ಭಾನುವಾರ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ದಾದರ್‌ನಲ್ಲಿ ಗಾಡಿ ಬಂತು ಅಂತ ನೀನು ಫೋನ್ ಇಟ್ಟೆ. ನನಗೂ ಆಗ ಅದೇ ಬೇಕಾಗಿತ್ತು. ಮೂರು ದಿನದಿಂದ ಆ ಪ್ರಶ್ನೆ ತಲೆಯಲ್ಲೇ ಇದೆ. ಫೋನಿನಲ್ಲಿ ಹೇಳಹೋದರೆ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಚರ್ಚಿನ ಕನ್ನಡ ಸಭೆಯಲ್ಲಿ ನಿನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದಾರೆ ಅಂದಾಗ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ವಂದನೆ ಹೇಳುವುದು, ಸಂಗೀತದ ಪುಸ್ತಕ ಕೊಡುವುದು, ಜಾಗ ತೋರಿಸುವುದು. ಇಲ್ಲಿ ನಾನು ಇಪ್ಪತ್ತು ವರ್ಷ ಮಾಡಿದ ಕೆಲಸ. ಎರಡನೇ ವಾರಕ್ಕೇ ನಿನಗೆ ಪರೀಕ್ಷೆ ಬಂತು. ಆರಾಧನೆ ಶುರುವಾದ ಮೇಲೆ ಒಬ್ಬ ಮಂಗಳಮುಖಿ ಬಂದಳು. ನಿಮ್ಮಲ್ಲೂ ನಮ್ಮ ಹಾಗೇ ಒಂದು ಕಡೆ ಹೆಂಗಸರು, ಇನ್ನೊಂದು ಕಡೆ ಗಂಡಸರು. ಯಾವ ಕಡೆ ಕೂರಿಸಬೇಕು ಅಂತ ನಿನಗೆ ತೋಚಲಿಲ್ಲ. ಹಿರಿಯರೊಬ್ಬರು ಬಂದು, ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಬಿಡು ಅಂದರು. ನೀನು ಹಾಕಿದೆ. ಆಕೆ ಕೂತಳು. ಕೊನೆಯ ಆಶೀರ್ವಾದಕ್ಕೆ ಮೊದಲೇ ಎದ್ದು ಹೋದಳು. "ನಾನು ತಪ್ಪು ಮಾಡಿದೆನಾ ಅವ್ವಾ?" ಅಂತ ಕೇಳಿದೆ.

ಹೌದು ಮಗಳೇ, ತಪ್ಪಾಯಿತು. ಈ ಮಾತನ್ನು ನಾನು ಮೇಲೆ ನಿಂತು ಹೇಳುತ್ತಿಲ್ಲ. ನಿನಗೆ ಯಾವತ್ತೂ ಹೇಳದ ಒಂದು ವಿಷಯ ಈಗ ಹೇಳುತ್ತೇನೆ.

ನೀನು ಆಗ ಮೂರನೇ ಕ್ಲಾಸು. ಒಂದು ಭಾನುವಾರ ಎರಡನೇ ಸಂಗೀತ ಹಾಡುವಾಗ ಒಬ್ಬ ಹೆಂಗಸು ಬಂದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಸೊಂಟದ ಮೇಲೆ ಕೂಸು. ಕೈತುಂಬ ಹಸಿರು ಬಳೆ, ಉಗುರಿನ ಸಂದಿಯಲ್ಲಿ ಸಿಮೆಂಟು. ನಮ್ಮ ಕಡೆಯಿಂದ ಕೆಲಸಕ್ಕೆ ಬಂದವಳು ಅಂತ ನೋಡಿದ ಕೂಡಲೇ ಗೊತ್ತಾಯಿತು. ಬೆಳಗ್ಗೆ ಮಜೂರ್ ಅಡ್ಡಾದಲ್ಲಿ ನಿಂತು ಕೂಲಿಗೆ ಹೋಗುತ್ತಾರಲ್ಲ, ಕಲಬುರಗಿ, ಯಾದಗಿರಿ, ವಿಜಯಪುರದವರು, ಅವರಲ್ಲಿ ಒಬ್ಬಳು. ನಾವೆಲ್ಲ ಚಪ್ಪಲಿ ಹಾಕಿಕೊಂಡೇ ಒಳಗೆ ಕೂತಿದ್ದೆವು. ಅವಳು ಮೆಟ್ಟಿಲ ಕೆಳಗೆ ಬಿಟ್ಟು ಬಂದಳು.

ನಾನು ನಗುತ್ತಲೇ ವಂದನೆ ಹೇಳಿದೆ. ಮುಂದಿನ ಬೆಂಚುಗಳಲ್ಲಿ ಜಾಗ ಇತ್ತು. ಆದರೆ ಅದು ಇಂಥವರು ಕೂರುವ ಜಾಗ, ಇದು ಅಂಥವರು ಕೂರುವ ಜಾಗ ಅಂತ ನಮ್ಮಲ್ಲಿ ರೂಢಿಯಾಗಿಬಿಟ್ಟಿದೆಯಲ್ಲ. "ಇಲ್ಲೇ ಬಾಗಿಲ ಹತ್ತಿರ ಕೂತ್ಕೋ ತಂಗಿ, ಕೂಸು ಅತ್ತರೆ ಹೊರಗೆ ಹೋಗೋಕೆ ಅನುಕೂಲ" ಅಂದೆ. ಒಳ್ಳೆಯ ಮಾತು ಹೇಳಿದೆ ಅಂತಲೇ ನನಗೆ ಅನಿಸಿತ್ತು. ಅವಳು ಬೆಂಚಿನ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತಳು. ನಾನು ಸುಮ್ಮನೆ ನೋಡಿದೆ.

ಅವತ್ತು ಕರ್ತನ ಭೋಜನ ಇತ್ತು. ಎಲ್ಲರೂ ಎದ್ದು ಸಾಲಾಗಿ ಮುಂದೆ ಹೋಗುವಾಗ ಅವಳೂ ಎದ್ದಳು. ದೀಕ್ಷಾಸ್ನಾನ ಆಗದವರು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದಿಲ್ಲ, ಅದು ನಮ್ಮ ಸಭೆಯ ಕ್ರಮ. ಆದರೆ ಯಾರು ಬೇಕಾದರೂ ಮುಂದೆ ಹೋಗಿ ಮೊಣಕಾಲೂರಬಹುದು, ಅಯ್ಯನವರು ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುತ್ತಾರೆ. ಅದನ್ನು ಒಂದು ಮಾತಿನಲ್ಲಿ ಹೇಳಿ, ಜೊತೆಗೆ ಕರೆದುಕೊಂಡು ಹೋಗಬಹುದಿತ್ತು. ನಾನು ಏನೂ ಹೇಳದೆ ಕೈ ಅಡ್ಡ ಹಿಡಿದೆ.

ಅವಳು ನನ್ನ ಮುಖ ನೋಡಿದಳು. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಹೊರಗೆ ನಡೆದಳು. ಮೆಟ್ಟಿಲ ಹತ್ತಿರ ಬಗ್ಗಿ ಚಪ್ಪಲಿ ತೆಗೆದುಕೊಂಡಳು. ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಗೇಟಿನವರೆಗೂ ಹೋದಳು. ಮೇ ತಿಂಗಳ ಬಿಸಿಲು. ಗೇಟು ದಾಟಿದ ಮೇಲೆ ಹಾಕಿಕೊಂಡಳು. ಈ ಅಂಗಳದಲ್ಲಿ ಚಪ್ಪಲಿ ಹಾಕಿಕೊಂಡು ನಡೆಯುವಷ್ಟು ಕೂಡ ತನಗೆ ಹಕ್ಕಿಲ್ಲ ಅಂತ ಅವಳಿಗೆ ಅನಿಸಿರಬೇಕು. ಹಾಗೆ ಅನಿಸುವಂತೆ ಮಾಡಿದವಳು ನಾನು. ಓಡಿ ಹೋಗಿ ಕರೆಯಲಿಲ್ಲ. ಕೈಯಲ್ಲಿ ಕಾಣಿಕೆಯ ತಟ್ಟೆ ಇತ್ತು.

ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ತೆಗೆದು ಓದು. ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಒಳ್ಳೆಯ ಜಾಗ, ಕೊಳಕು ಬಟ್ಟೆಯ ಬಡವನಿಗೆ ನೀನು ಅಲ್ಲೇ ನಿಲ್ಲು, ಇಲ್ಲಾ ನನ್ನ ಕಾಲ ಹತ್ತಿರ ಕೂತ್ಕೋ. ಹೀಗೆ ಮಾಡುತ್ತೀರಲ್ಲ ಅಂತ ಯಾಕೋಬ ಆ ಕಾಲದ ಸಭೆಯವರನ್ನೇ ಕೇಳುತ್ತಾನೆ. ಸ್ತ್ರೀಯರ ಸಂಘದಲ್ಲಿ ಈ ಭಾಗವನ್ನು ನಾನೇ ಎಷ್ಟೋ ಸಲ ಓದಿಸಿದ್ದೆ.

ನನ್ನನ್ನು ಜಾಸ್ತಿ ಸುಟ್ಟದ್ದು ಇನ್ನೊಂದು ವಿಷಯ. ನನ್ನ ಅಜ್ಜಿಯ ಅಜ್ಜಿ ಯಾರು ಅಂತ ನಿನಗೆ ಹೇಳಿದ್ದೀನಲ್ಲ. 1876ರಲ್ಲಿ ಶುರುವಾದ ಆ ದೊಡ್ಡ ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು, ಯಾರದೋ ಕೈ ಹಿಡಿದು ಗದಗ ಪಕ್ಕದ ಬೆಟಗೇರಿಯಲ್ಲಿ ಬಾಸೆಲ್ ಮಿಶನ್ ಪಾದ್ರಿಗಳ ಅಂಗಳಕ್ಕೆ ಬಂದ ಮಗು. ಯಾವ ಕೇರಿಯವಳು, ಯಾವ ಜಾತಿಯವಳು ಅಂತ ಆ ಬಾಗಿಲಲ್ಲಿ ಕೇಳಿದ್ದರೆ ನಾನೂ ಇಲ್ಲ, ನೀನೂ ಇಲ್ಲ. ನಾಲ್ಕು ತಲೆಮಾರು ಬೆಂಚಿನ ಮೇಲೆ ಕೂತ ನಾವು ಆ ಅಂಗಳ ಮರೆತುಬಿಟ್ಟೆವು. ಕ್ರೈಸ್ತರಲ್ಲಿ ಜಾತಿ ಇಲ್ಲ ಅಂತ ಹೇಳುತ್ತೇವೆ, ಮದುವೆಗೆ ಹುಡುಗ ನೋಡುವಾಗ ಮೂಲ ಯಾವುದು ಅಂತ ಮೆಲ್ಲಗೆ ಕೇಳುತ್ತೇವೆ. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಒಂದು ವಾರ ನನಗೆ ಊಟ ಸೇರಲಿಲ್ಲ. ಆಮೇಲೆ ಬೆಳಗ್ಗೆ ಏಳಕ್ಕೆ ನಿಮ್ಮಪ್ಪನ ಜೊತೆ ಅಡ್ಡಾಕ್ಕೆ ಹೋದೆ. ಬುತ್ತಿ ಗಂಟು ಹಿಡಿದು ನೂರಾರು ಜನ ನಿಂತಿದ್ದರು. ಕನ್ನಡದಲ್ಲಿ ಕೇಳುತ್ತಾ ಹೋದೆ, ಹಸಿರು ಬಳೆ, ಸೊಂಟದ ಮೇಲೆ ಕೂಸು ಅಂತ. ಹಾಗಿದ್ದವರು ಅಲ್ಲಿ ಇಪ್ಪತ್ತು ಜನ ಇದ್ದರು. ಅವಳು ಸಿಗಲಿಲ್ಲ. ಒಂದು ಬಿಲ್ಡಿಂಗ್ ಮುಗಿದರೆ ಆ ಜನ ಗಂಟು ಕಟ್ಟಿ ಇನ್ನೊಂದು ಕಡೆ ಹೋಗುತ್ತಾರೆ.

ಆದರೆ ಕೆಲವರ ಪರಿಚಯವಾಯಿತು. "ನಮ್ಮ ಶೆಡ್ಡಿನ ಕಡೆ ಬರ್ರೀ ಅಕ್ಕಾರ" ಅಂತ ಅವರೇ ಕರೆದರು. ಭಾನುವಾರ ಸಂಜೆ ಹೋಗತೊಡಗಿದೆವು. ತಗಡಿನ ಶೆಡ್ಡು, ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಪ್ರಾರ್ಥನೆಗೆ ಬಂದರೆ ಅಕ್ಕಿ ಕೊಡುತ್ತೇವೆ ಅನ್ನುವ ಮಾತು ನಮ್ಮ ಬಾಯಲ್ಲಿ ಬರಬಾರದು ಅಂತ ನಿಮ್ಮಪ್ಪ ಮೊದಲ ದಿನವೇ ಗಟ್ಟಿಯಾಗಿ ಹೇಳಿದ್ದರು. ಜ್ವರ ಬಂದವರನ್ನು ಸಸೂನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇವೆ, ಮಕ್ಕಳನ್ನು ಶಾಲೆಗೆ ಸೇರಿಸಲು ಓಡಾಡಿದ್ದೇವೆ. ಪ್ರಾರ್ಥನೆಗೆ ಬರುವವರಿಗೂ ಮಾಡಿದ್ದೇವೆ, ಬರದವರಿಗೂ ಮಾಡಿದ್ದೇವೆ. ಯಾರಿಗೂ ಹೆಸರು ಬದಲಿಸು ಅನ್ನಲಿಲ್ಲ.

ಅಲ್ಲಿ ಒಂದು ಸಂಜೆ ನಡೆದದ್ದು ಹೇಳಲೇಬೇಕು. ನಾನು ಬೈಬಲಿನ 23ನೇ ಕೀರ್ತನೆ ಓದಿದೆ. "ಯೆಹೋವನು ನನಗೆ ಕುರುಬನು" ಅಂದ ಕೂಡಲೇ ಮೂಲೆಯಲ್ಲಿ ಕೂತ ಒಬ್ಬ ಮುದುಕಿ, ಯಾದಗಿರಿ ಕಡೆಯವರು, ತಲೆ ಎತ್ತಿದರು. "ಯವ್ವಾ, ಇನ್ನೊಮ್ಮೆ ಓದು" ಅಂದರು. ಓದಿದೆ. "ಕುರುಬ ಅಂದ್ರ ನಮ್ಮವನ ಅಲ್ಲೇನು?" ಅಂದರು. ಅವರು ಕುರುಬರು. ಹುಟ್ಟಿದಾಗಿನಿಂದ ಆ ಸಾಲು ಬಾಯಿಪಾಠ ಇದ್ದ ನನಗೆ ಕುರುಬ ಅಂದರೆ ಒಂದು ಶಬ್ದ ಅಷ್ಟೇ. ಅವರಿಗೆ ಅದು ಅಪ್ಪ, ಅಜ್ಜ, ಕಂಬಳಿ, ದಡ್ಡಿ, ಮಳೆಯಲ್ಲಿ ಹುಟ್ಟಿದ ಮರಿ. ಅವರೇ ಹೇಳಿದರು: "ಸಂಜೀಕ ದಡ್ಡಿ ಬಾಗಿಲ್ದಾಗ ಕುರುಬ ತಾನ ಕುಂದರ್ತಾನ. ಒಂದೊಂದ ಕುರಿ ಕೈ ಮುಟ್ಟಿ ಒಳಗ ಬಿಡ್ತಾನ. ಕುಂಟೂದು ಯಾವ್ದು, ಗಾಯ ಆದದ್ದು ಯಾವ್ದು, ಬರದೆ ಉಳದದ್ದು ಯಾವ್ದು, ಎಲ್ಲಾ ಅಲ್ಲೇ ಗೊತ್ತಾಗ್ತದ."

ಮಗಳೇ, ಯೋಹಾನನ ಸುವಾರ್ತೆ 10ನೇ ಅಧ್ಯಾಯದಲ್ಲಿ ಯೇಸು ತಾನೇ ಒಳ್ಳೇ ಕುರುಬ ಅನ್ನುತ್ತಾನೆ, ತಾನೇ ಕುರಿಗಳಿಗೆ ಬಾಗಿಲು ಅಂತಲೂ ಅನ್ನುತ್ತಾನೆ. ಒಬ್ಬನೇ ಕುರುಬನೂ ಬಾಗಿಲೂ ಹೇಗಾಗುತ್ತಾನೆ ಅಂತ ಎಷ್ಟೋ ಪ್ರಸಂಗ ಕೇಳಿದ್ದರೂ ನನಗೆ ತಿಳಿದಿರಲಿಲ್ಲ. ಅಕ್ಷರ ಬಾರದ ಆ ತಾಯಿ ಅವತ್ತು ತಿಳಿಸಿದರು. ಬಾಗಿಲಲ್ಲಿ ನಿಲ್ಲುವುದು ಅಂದರೆ ಕೈ ಮುಟ್ಟಿ ಒಳಗೆ ಬಿಡುವುದು. ನನಗೆ ಅಷ್ಟು ವರ್ಷ ಅದು ತಡೆಯುವ ಕೆಲಸದ ಹಾಗೆ ಕಂಡಿತ್ತು.

ಬೆಳೆ ಹಬ್ಬದ ದಿನ ಅವರನ್ನೇ ಕೀರ್ತನೆ ಹೇಳಲು ಕೇಳಿಕೊಂಡೆವು. ಓದಲು ಬಾರದವರು ಹೇಗೆ ಅಂತ ಸಭೆಯಲ್ಲಿ ಗೊಣಗಿದವರು ಇದ್ದರು. ತಿಂಗಳುಗಟ್ಟಲೆ ಕೇಳಿ ಕೇಳಿ ಬಾಯಿಪಾಠ ಮಾಡಿದ್ದರು. ಸೆರಗು ತಲೆ ಮೇಲೆ ಹೊದ್ದು, ಎರಡೂ ಕೈ ಪೀಠದ ಮೇಲಿಟ್ಟು, ಒಂದು ಅಕ್ಷರ ತಪ್ಪದೆ ಹೇಳಿದರು. ಆ ವರ್ಷ ಕ್ರಿಸ್‌ಮಸ್ ನಾಟಕದಲ್ಲಿ ಕುರುಬರ ವೇಷಕ್ಕೆ ಅವರ ಮೊಮ್ಮಗ ಮನೆಯ ಕಂಬಳಿ ಹೊದ್ದು ಬಂದ. ಬೆಡ್‌ಶೀಟ್ ಸುತ್ತಿಕೊಂಡ ಕುರುಬರನ್ನೇ ನೋಡಿದ್ದ ನಮಗೆ ಅವತ್ತು ಕುರಿಯ ವಾಸನೆಯೂ ಬಂತು.

ಕರೆದು ಕೂರಿಸಿದರೆ ಸಾಲದು ಅಂತ ನನಗೆ ಅರ್ಥವಾದದ್ದು ಹೀಗೆ. ಬಂದವರ ಕೈಗೆ ಆರಾಧನೆಯಲ್ಲಿ ಏನಾದರೂ ಕೊಡಬೇಕು. ಒಂದು ಹಾಡು, ಒಂದು ಪ್ರಾರ್ಥನೆ, ಅಡುಗೆಯ ಸೌಟಾದರೂ ಸರಿ. ಬರೀ ಅತಿಥಿಯಾಗಿ ಎಷ್ಟು ವಾರ ಅಂತ ಬರುತ್ತಾರೆ, ಹೇಳು?

ನಾವು ಮಹಾರಾಷ್ಟ್ರದಲ್ಲಿ ಇರುವವರು, ಈ ನೆಲದಲ್ಲಿ ಇದನ್ನು ನಮಗಿಂತ ಮೊದಲು ಮಾಡಿದವರಿದ್ದಾರೆ. ಮರಾಠಿ ಕವಿ ನಾರಾಯಣ ವಾಮನ ತಿಲಕರು 1895ರಲ್ಲಿ ಕ್ರೈಸ್ತರಾದವರು. ಯೇಸುವಿನ ಮೇಲೆ ಅಭಂಗ ಅನ್ನುವ ಮರಾಠಿ ಭಕ್ತಿಪದ ಬರೆದರು, ಹಾಡುತ್ತಾ ಕಥೆ ಹೇಳುವ ಕೀರ್ತನೆ ಮಾಡಿದರು. ಹಳ್ಳಿಯವರಿಗೆ ಗೊತ್ತಿರುವ ಧಾಟಿಯಲ್ಲೇ ದೇವರನ್ನು ಹಾಡಲಿ ಅಂತ. 1917ರಲ್ಲಿ 'ದೇವರ ದರಬಾರು' ಅಂತ ಒಂದು ಕೂಟ ಕಟ್ಟಿದರು. ದೀಕ್ಷಾಸ್ನಾನ ಆದವರು, ಆಗದವರು ಇಬ್ಬರಿಗೂ ಅಲ್ಲಿ ಜಾಗ ಇತ್ತು.

ಇನ್ನು ಪಂಡಿತಾ ರಮಾಬಾಯಿ. ಚಿಕ್ಕವಳಿದ್ದಾಗ ನಿನ್ನನ್ನು ದೌಂಡ್ ಗಾಡಿಯಲ್ಲಿ ಕೇಡಗಾಂವಿಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಅವರು ನಮ್ಮ ಕಡೆಯವರೇ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡು ಕಾಡಿಗೆ ಹೋಗಿ ನೆಲೆಸಿದ್ದರು. ರಮಾಬಾಯಿ 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಶುರು ಮಾಡಿ, ಮರುವರ್ಷ ಪುಣೆಗೆ ತಂದರು. ತಾವು ಕ್ರೈಸ್ತರಾಗಿದ್ದರೂ ಅಲ್ಲಿನ ಹುಡುಗಿಯರ ಮೇಲೆ ತಮ್ಮ ಧರ್ಮ ಹೇರಲಿಲ್ಲ. ಅವರವರ ಆಚಾರ ಅವರವರಿಗೆ. ಆದರೆ ತಮ್ಮ ಕೋಣೆಯಲ್ಲಿ ಮಗಳು ಮನೋರಮೆಯ ಜೊತೆ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ಊರೆಲ್ಲ ಗಲಾಟೆ ಎದ್ದಿತು. 1893ರಲ್ಲಿ ಸಲಹಾ ಸಮಿತಿಯವರು ರಾಜೀನಾಮೆ ಕೊಟ್ಟರು, ಎಷ್ಟೋ ಮನೆಯವರು ಬಂದು ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋದರು. ಆದರೂ ಅವರು ಬಾಗಿಲು ಮುಚ್ಚಲಿಲ್ಲ. ಯಾರನ್ನೂ ಎಳೆದು ಒಳಗೆ ತರಲಿಲ್ಲ, ಬಂದವರನ್ನು ಹೊರಗೆ ಕಳಿಸಲೂ ಇಲ್ಲ. 1896-97ರ ಬರದಲ್ಲಿ ಮಧ್ಯ ಪ್ರಾಂತ್ಯದಿಂದ ನೂರಾರು ಹೆಣ್ಣುಮಕ್ಕಳನ್ನು ತಂದು ಕೇಡಗಾಂವಿನಲ್ಲಿ 'ಮುಕ್ತಿ' ಅನ್ನುವ ತಮ್ಮ ಆಶ್ರಮದಲ್ಲಿ ಸಾಕಿದರು. ಕುರುಡರಿಗೂ ಓದು, ಕೈಕೆಲಸ ಕಲಿಸಿದರು. ಬೈಬಲನ್ನು ಹಳ್ಳಿ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ತರಲು ಹೀಬ್ರೂ, ಗ್ರೀಕ್ ಹಿಡಿದು ಕೂತರು. 1922ರಲ್ಲಿ ತೀರಿಕೊಳ್ಳುವ ಮೊದಲು ಅದನ್ನು ಮುಗಿಸಿದರು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದ ಐಥಿಯೋಪ್ಯದ ಕಂಚುಕಿ, ಬೀಜ ತೆಗೆಸಿದ ಆ ಅರಮನೆಯ ಅಧಿಕಾರಿ, ನಿನಗೆ ಗೊತ್ತು. ಸಂಡೆ ಸ್ಕೂಲಿನಲ್ಲಿ ರಥದ ಚಿತ್ರ ಬರೆದಿದ್ದೆ. ಆ ಮನುಷ್ಯ ಆರಾಧನೆಗೆ ಅಂತ ಅಷ್ಟು ದೂರದಿಂದ ಯೆರೂಸಲೇಮಿಗೆ ಬಂದಿದ್ದ. ಅಂಥವರು ದೇವರ ಸಭೆಯಲ್ಲಿ ಸೇರಬಾರದು ಅಂತ ಧರ್ಮೋಪದೇಶಕಾಂಡ 23ರಲ್ಲಿ ಬರೆದಿದೆ. ವಾಪಸು ಹೋಗುವಾಗ ರಥದಲ್ಲಿ ಕೂತು ಓದುತ್ತಿದ್ದದ್ದು ಯೆಶಾಯನ 53ನೇ ಅಧ್ಯಾಯ. ಅದೇ ಯೆಶಾಯನಲ್ಲಿ ಮೂರು ಅಧ್ಯಾಯ ಮುಂದೆ ಹೋಗು. 56ರಲ್ಲಿ ದೇವರು ಇಂಥವರಿಗೇ ಮಾತು ಕೊಡುತ್ತಾನೆ, ನನ್ನ ಆಲಯದಲ್ಲಿ ನಿಮಗೆ ಗಂಡು ಹೆಣ್ಣು ಮಕ್ಕಳಿಗಿಂತ ಮೇಲಾದ ಹೆಸರು ಕೊಡುತ್ತೇನೆ ಅಂತ. ದಾರಿಯಲ್ಲಿ ನೀರು ಕಂಡಾಗ ಆ ಕಂಚುಕಿ ಕೇಳಿದ್ದು ಒಂದೇ: ನನಗೆ ದೀಕ್ಷಾಸ್ನಾನ ಆಗಲು ಅಡ್ಡಿ ಏನು? ಆ 'ಅಡ್ಡಿ' ಅನ್ನುವ ಮಾತು ಓದುವಾಗಲೆಲ್ಲ ನನಗೆ ನನ್ನ ಕೈ ನೆನಪಾಗುತ್ತದೆ.

ಆ ದಾರಿಯಲ್ಲಿ ಸಿಕ್ಕ ಸುವಾರ್ತೆ ಸಾರುವ ಫಿಲಿಪ್ಪ ರಥ ಹತ್ತಿ ಪಕ್ಕದಲ್ಲಿ ಕೂತ, ನೋಡು. ನೀನೂ ಅಷ್ಟೇ ಮಾಡು. ಯಾವ ಕಡೆ ಅಂತ ಹಿರಿಯರನ್ನು ಕೇಳುವುದು ಬೇಡ. "ಎಲ್ಲಿ ಕೂರ್ತೀರಿ?" ಅಂತ ಆಕೆಯನ್ನೇ ಕೇಳು. ಹೆಂಗಸರ ಕಡೆ ಅಂದರೆ ಹೆಂಗಸರ ಕಡೆ. 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ತಾನು ಯಾರು ಅಂತ ಹೇಳುವ ಹಕ್ಕು ಅವರದೇ ಅಂತ. ಪುಸ್ತಕ ಕೊಡುವ ಕೆಲಸ ಬೇರೆಯವರಿಗೆ ಒಪ್ಪಿಸಿ ನೀನೂ ಪಕ್ಕದಲ್ಲಿ ಕೂತ್ಕೋ. ಸಂಗೀತದ ಪುಟ ತೆಗೆದು ತೋರಿಸು. ಯಾರಾದರೂ ಎದ್ದು ಬೇರೆ ಬೆಂಚಿಗೆ ಹೋದರೆ ಹೋಗಲಿ, ಜಗಳಕ್ಕೆ ಹೋಗಬೇಡ. ಆ ಹಿರಿಯರು ಕೆಟ್ಟವರಲ್ಲ, ಅವರಿಗೂ ನಿನ್ನ ಹಾಗೇ ತೋಚಿರಲಿಕ್ಕಿಲ್ಲ. ಒಮ್ಮೆ ಅವರ ಮನೆಗೆ ಹೋಗಿ ಚಹಾ ಕುಡಿಯುತ್ತಾ ಮಾತಾಡು. ನನ್ನ ಕಥೆ ಹೇಳಬೇಕು ಅನಿಸಿದರೆ ಹೇಳು, ನನಗೇನೂ ಬೇಜಾರಿಲ್ಲ.

ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿದ್ದೇನೆ. ಪಕ್ಕದ ಮನೆ ಹುಡುಗ ಶುಕ್ರವಾರ ಡೆಕ್ಕನ್ ಕ್ವೀನ್‌ಗೆ ಬರುತ್ತಾನೆ, ಅವನ ಕೈಲಿ ಕಳಿಸುತ್ತೇನೆ.

ಆಕೆ ಮತ್ತೆ ಬಂದರೆ ಹೆಸರು ಕೇಳಿ ನನಗೆ ತಿಳಿಸು. ಪ್ರಾರ್ಥನೆಯ ವಹಿಯಲ್ಲಿ ಬರೆದುಕೊಳ್ಳಬೇಕು. ದಿನಾ ರಾತ್ರಿ ಆ ವಹಿ ತೆಗೆದು ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಮೊದಲನೇ ಪುಟದಲ್ಲಿ ಒಂದು ಕಡೆ ಮಾತ್ರ ಹೆಸರಿಲ್ಲ. 'ಹಸಿರು ಬಳೆಯ ತಂಗಿ, ಕೂಸು' ಅಂತ ಬರೆದಿದೆ.

ನಿನ್ನ
ಅವ್ವ