‘ನಾಳೆ ಬನ್ನಿ’ ಎಂದದ್ದಕ್ಕೆ ಒಂದು ಚುಕ್ಕಿ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಓದುಗರ ಪತ್ರಗಳ ನಡುವೆ ಒಬ್ಬರು ಬರೆದಿದ್ದರು: ‘ಕ್ರೈಸ್ತರಿಗೆ ಸುಲಭ. ತಪ್ಪು ಮಾಡುವುದು, ಪಾದ್ರಿಗಳ ಕಿವಿಯಲ್ಲಿ ಹೇಳಿ ಬರುವುದು, ಲೆಕ್ಕ ಚುಕ್ತಾ.’ ಓದಿ ಮೊದಲು ಸಿಟ್ಟು ಬಂತು. ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದೆ. ಸ್ವಲ್ಪ ಹೊತ್ತಾದ ಮೇಲೆ ನಗು ಬಂತು. ಬೇರೆಯವರದ್ದು ನನಗೆ ಗೊತ್ತಿಲ್ಲ, ನನ್ನ ಮಟ್ಟಿಗೆ ಅವರು ಹೇಳಿದ್ದು ತುಂಬ ವರ್ಷ ನಿಜವೇ ಆಗಿತ್ತು.

ನಾನು ಬೇಳದ ಹತ್ತಿರ ಹೊಲಿಗೆ ಅಂಗಡಿ ಇಟ್ಟವಳು. ರವಕೆ, ಚೂಡಿದಾರ್, ಶಾಲೆಯ ಯೂನಿಫಾರ್ಮ್, ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಮಕ್ಕಳಿಗೆ ಬಿಳಿ ಫ್ರಾಕು, ಎಲ್ಲ ಹೊಲಿಯುತ್ತೇನೆ. ಮನೆಯಲ್ಲಿ ಕೊಂಕಣಿ, ಅಂಗಡಿಗೆ ಬಂದವರ ಹತ್ತಿರ ತುಳು ಮತ್ತು ಮಲಯಾಳ, ಕಲಿತದ್ದು ಕನ್ನಡ ಶಾಲೆಯಲ್ಲಿ. ಕಾಸರಗೋಡಿನ ನಮ್ಮಂಥವರ ಕತೆ ನಿಮಗೆ ಗೊತ್ತೇ ಇದೆ ಅಲ್ವಾ. ಸರಕಾರ ತಿರುವನಂತಪುರದ್ದು, ಬಿಷಪರು ಮಂಗಳೂರಿನವರು, ಬೆಳಿಗ್ಗೆ ಓದುವ ಪೇಪರು ನಿಮ್ಮದು.

ಪಾಪನಿವೇದನೆಗೆ ನಮ್ಮ ಕೊಂಕಣಿಯಲ್ಲಿ ಕುಮ್ಸಾರ್ ಅನ್ನುತ್ತೇವೆ. ವರ್ಷಕ್ಕೆ ಒಮ್ಮೆಯಾದರೂ ಮಾಡಬೇಕು ಎಂದು 1215ರಲ್ಲಿ ರೋಮಿನಲ್ಲಿ ಸೇರಿದ ಧರ್ಮಸಭೆಯ ಹಿರಿಯರ ಲ್ಯಾಟರನ್ ಸಭೆಯಲ್ಲೇ ಕಟ್ಟಳೆಯಾಗಿದೆ. ನಾನು ಅದಕ್ಕಿಂತ ಜಾಸ್ತಿಯೇ ಹೋಗುತ್ತಿದ್ದೆ. ಕ್ರಿಸ್ಮಸ್‌ಗೆ ಮುಂಚೆ, ಈಸ್ಟರಿಗೆ ಮುಂಚೆ, ಸೆಪ್ಟೆಂಬರ್ 15ರ ಶೋಕಮಾತೆಯ ಹಬ್ಬಕ್ಕೆ ಮುಂಚೆ. ಸಾಲಿನಲ್ಲಿ ನಿಂತು ಮುಂದಿನವರ ರವಕೆಯ ಬೆನ್ನು ನೋಡುವುದು, ಇದು ಯಾರ ಹೊಲಿಗೆ ಎಂದು ಗುರುತಿಸುವುದು, ನನ್ನ ಸರದಿ ಬಂದಾಗ ಮೊಣಕಾಲೂರಿ ಪಟ್ಟಿ ಒಪ್ಪಿಸುವುದು. ಆ ಪಟ್ಟಿ ಎಂಟನೇ ವರ್ಷದಲ್ಲಿ ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಮಕ್ಕಳು ಪೂಜೆಯಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ದಿನಕ್ಕೆ, ತಯಾರಿ ಮಾಡುವಾಗ ಸಿಸ್ಟರ್ ಕಲಿಸಿಕೊಟ್ಟದ್ದು. ಅಮ್ಮನ ಮಾತು ಕೇಳಲಿಲ್ಲ, ಸುಳ್ಳು ಹೇಳಿದೆ, ತಮ್ಮನಿಗೆ ಹೊಡೆದೆ, ಪ್ರಾರ್ಥನೆಯ ಹೊತ್ತಿಗೆ ತೂಕಡಿಸಿದೆ.

ನನಗೆ ನಲವತ್ತೊಂದು ವರ್ಷವಾಗಿದ್ದಾಗ ಹೊಸದಾಗಿ ಬಂದ ಗುರುಗಳೊಬ್ಬರ ಮುಂದೆ ಇದನ್ನೇ ಗಡಗಡನೆ ಹೇಳಿದೆ. ಜಾಲರಿಯ ಆಚೆಯಿಂದ ಅವರು ಮೆಲ್ಲಗೆ ಕೇಳಿದರು.

‘ಅಮ್ಮ ನಿಮ್ಮ ಜೊತೆಯಲ್ಲೇ ಇದ್ದಾರಾ?’

‘ಇಲ್ಲ ಫಾದರ್. ತೀರಿಕೊಂಡು ಹನ್ನೊಂದು ವರ್ಷವಾಯಿತು.’

‘ಓ. ಮತ್ತೆ ತಮ್ಮ?’

‘ಕುವೈಟಿನಲ್ಲಿದ್ದಾನೆ ಫಾದರ್.’

‘ಅಲ್ಲಿಗೆ ಹೋಗಿ ಹೊಡೆದಿರಾ?’

ನನ್ನ ಹಿಂದೆ ಸಾಲಿನಲ್ಲಿದ್ದವರಿಗೆ ಕೇಳಿಸಿತೋ ಏನೋ. ಕಿವಿಯೆಲ್ಲ ಬಿಸಿಯಾಯಿತು. ಪ್ರಾಯಶ್ಚಿತ್ತಕ್ಕೆ ಅವರು ಮಾಮೂಲಿನ ಮೂರು ‘ನಮೋ ಮರಿಯಾ’ ಪ್ರಾರ್ಥನೆ ಕೊಡಲಿಲ್ಲ. ಒಂದು ತಿಂಗಳು, ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಕೂತು ಆ ದಿನವನ್ನು ಮಾತ್ರ ನೋಡಿ ಎಂದರು. ಆ ತಿಂಗಳು ಮುಗಿದು ಈಗ ಏಳು ವರ್ಷವಾಯಿತು.

ಇದು ಅವರು ಕಂಡುಹಿಡಿದದ್ದಲ್ಲ. ಇಗ್ನೇಷಿಯಸ್ ಲೊಯೋಲ ಎಂಬ ಸಂತರ ಪದ್ಧತಿ. ಸ್ಪೇನಿನ ಸಿಪಾಯಿ ಅವರು. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ಕಾಲಿಗೆ ಬಡಿದು ಹಾಸಿಗೆ ಹಿಡಿದರು. ಎದ್ದು ಬರುವಾಗ ಬೇರೆಯೇ ಮನುಷ್ಯ. ಮುಂದೆ ಅವರು ಕಟ್ಟಿದ ಯೇಸುಸಭೆಯ ಪಾದ್ರಿಗಳೇ 1878ರ ಕೊನೆಗೆ ಮಂಗಳೂರಿಗೆ ಬಂದಿಳಿದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದ್ದು.

ಆತ್ಮಪರೀಕ್ಷೆ ಎಂದರೆ ತಪ್ಪು ಹುಡುಕುವುದು ಅಂದುಕೊಂಡಿದ್ದೆ. ಇಗ್ನೇಷಿಯಸರ ಕ್ರಮದಲ್ಲಿ ಮೊದಲು ಬರುವುದು ಥ್ಯಾಂಕ್ಸ್. ಇವತ್ತು ಸಿಕ್ಕಿದ್ದಕ್ಕೆಲ್ಲ ದೇವರಿಗೆ ಕೃತಜ್ಞತೆ ಹೇಳಬೇಕು. ಆಮೇಲೆ ಸರಿಯಾಗಿ ಕಾಣುವ ಹಾಗೆ ಬೆಳಕು ಕೊಡು ಎಂದು ಕೇಳಬೇಕು. ಅದಾದ ಮೇಲೆಯೇ ಬೆಳಿಗ್ಗೆ ಎದ್ದಲ್ಲಿಂದ ಗಂಟೆ ಗಂಟೆಯಾಗಿ ನೋಡುತ್ತಾ ಬರುವುದು. ನಂತರ ಕ್ಷಮೆ ಕೇಳುವುದು, ಕೊನೆಗೆ ನಾಳೆ ಯಾವುದನ್ನು ತಿದ್ದಿಕೊಳ್ಳುತ್ತೇನೆ ಎಂದು ಗಟ್ಟಿ ಮಾಡಿಕೊಳ್ಳುವುದು. ಥ್ಯಾಂಕ್ಸ್ ಮೊದಲು ಯಾಕೆ ಎಂದು ನನಗೆ ಅರ್ಥವಾದದ್ದು ತಡವಾಗಿ. ಅದನ್ನು ಬಿಟ್ಟು ಸೀದಾ ತಪ್ಪಿಗೆ ಹೋದ ರಾತ್ರಿಗಳಲ್ಲಿ ನನ್ನದಕ್ಕಿಂತ ಜಾಸ್ತಿ ಗಂಡನ ತಪ್ಪು ಸಿಗುತ್ತಿತ್ತು.

ಇನ್ನೊಂದು ವಿಷಯ, ನಗಬೇಡಿ. ಈ ಹತ್ತು ನಿಮಿಷ ಮಾತ್ರ ನಾನು ಕನ್ನಡದಲ್ಲಿ ಮಾಡುತ್ತೇನೆ. ತೇರ್ಸ ಅಂದರೆ ಜಪಮಾಲೆ, ಬೇರೆ ಪ್ರಾರ್ಥನೆ, ಎಲ್ಲ ಕೊಂಕಣಿಯಲ್ಲೇ. ಆದರೆ ಕೊಂಕಣಿಯ ಪ್ರಾರ್ಥನೆ ನನ್ನ ಬಾಯಿಂದ ಮಿಷಿನ್ ಓಡಿದ ಹಾಗೆ ತಾನಾಗಿ ಓಡುತ್ತದೆ. ಕನ್ನಡದಲ್ಲಿ ದೇವರ ಹತ್ತಿರ ಮಾತಾಡಿ ರೂಢಿಯಿಲ್ಲ. ‘ನಾನು ಇವತ್ತು…’ ಎಂದು ಶುರು ಮಾಡಿದರೆ ಮುಂದಿನ ಮಾತು ಹುಡುಕಬೇಕು. ಹುಡುಕುವಾಗ ಏನಾದರೂ ಕೈಗೆ ಸಿಗುತ್ತದೆ.

ಸಿಕ್ಕಿದ್ದೇನು ಗೊತ್ತಾ? ದೊಡ್ಡ ಪಾಪವಲ್ಲ. ‘ನಾಳೆ ಬನ್ನಿ.’

ಟೈಲರುಗಳ ಮಾಮೂಲಿ ಸುಳ್ಳು ಇದು. ಮೊದಲ ವಾರ ಎಣಿಸಿದೆ. ಒಂದು ಸೋಮವಾರ ಒಂಬತ್ತು ಸಲ ಸುಳ್ಳು ಹೇಳಿದ್ದೆ. ಒಬ್ಬರು ಟೀಚರಿಗೆ ‘ತೋಳು ಹಚ್ಚುವುದು ಮಾತ್ರ ಬಾಕಿ’ ಎಂದಿದ್ದೆ. ಬಟ್ಟೆಗೆ ಕತ್ತರಿಯೇ ಹಾಕಿರಲಿಲ್ಲ. ಇನ್ನೊಬ್ಬರಿಗೆ ‘ಕರೆಂಟ್ ಇರಲಿಲ್ಲ’ ಎಂದೆ. ನನ್ನ ಒಂದು ಮಿಷಿನ್ ಕಾಲಲ್ಲಿ ತುಳಿಯುವುದು, ಅದು ಅವರ ಎದುರಿಗೇ ಇತ್ತು. ಮಗಳ ಮದುವೆಯ ಬಟ್ಟೆ ಕೊಟ್ಟ ಹೆಂಗಸೊಬ್ಬರು ಎರಡು ಬಸ್ಸು ಹಿಡಿದು ಮೂರು ಸಲ ಬಂದುಹೋಗಿದ್ದರು. ಮೂರು ಸಲವೂ ನಾನು ನಗುತ್ತಾ ‘ನಾಳೆ’ ಎಂದಿದ್ದೆ. ಕುಮ್ಸಾರಿನಲ್ಲಿ ‘ಸುಳ್ಳು ಹೇಳಿದೆ’ ಎಂದು ಒಂದೇ ಉಸಿರಿಗೆ ಮುಗಿಸುವಾಗ ಆ ಹೆಂಗಸಿನ ಬಸ್ ಚಾರ್ಜು ಎಲ್ಲಿಯೂ ಕಾಣಿಸುತ್ತಿರಲಿಲ್ಲ.

ಒಂದು ನಿರ್ದಿಷ್ಟ ತಪ್ಪನ್ನು ಹಿಡಿದುಕೊಂಡು ಎಣಿಸುವುದಕ್ಕೂ ಆ ಸಂತರು ದಾರಿ ಹೇಳಿದ್ದಾರೆ. ವಾರದ ಏಳು ದಿನಕ್ಕೆ ಗೆರೆ ಎಳೆಯಬೇಕು. ಆ ತಪ್ಪಿಗೆ ಬಿದ್ದಷ್ಟು ಸಲ ಗೆರೆಯ ಮೇಲೆ ಚುಕ್ಕಿ. ಅವರ ನಕ್ಷೆಯಲ್ಲಿ ಮೊದಲ ದಿನದ ಗೆರೆ ಉದ್ದ, ಮುಂದಿನ ದಿನಗಳದ್ದು ಗಿಡ್ಡವಾಗುತ್ತಾ ಹೋಗುತ್ತದೆ, ತಪ್ಪು ಕಮ್ಮಿಯಾಗಲಿ ಎಂದು. ನನ್ನ ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ಈ ಗೆರೆಗಳಿವೆ. ಒಮ್ಮೆ ಗಿರಾಕಿಯೊಬ್ಬರು ಹೊಸ ಎಂಬ್ರಾಯ್ಡರಿ ಡಿಸೈನ್ ಅಂದುಕೊಂಡು ಕೇಳಿದ್ದರು.

ತಪ್ಪಿದ ಕೂಡಲೇ ಯಾರಿಗೂ ಗೊತ್ತಾಗದ ಹಾಗೆ ಎದೆಯ ಮೇಲೆ ಕೈ ಇಡಬೇಕು ಎಂದೂ ಅವರು ಬರೆದಿದ್ದಾರೆ. ಅದನ್ನೂ ಮಾಡಿದೆ. ಕೊರಳಲ್ಲಿ ಟೇಪು ನೇತಾಡುತ್ತಿರುತ್ತದೆ, ಸರಿ ಮಾಡಿದ ಹಾಗೆ ಕೈ ಇಟ್ಟರಾಯಿತು. ನೀರ್ಚಾಲಿನ ಒಬ್ಬರು ಅಕ್ಕನಿಗೆ ಮಾತ್ರ ಕಣ್ಣು ಚುರುಕು.

‘ಎಂತ ಬಾಯಮ್ಮ, ಆಗಾಗ ಎದೆ ಹಿಡಿದುಕೊಳ್ಳುತ್ತೀರಿ? ಗ್ಯಾಸ್ಟ್ರಿಕ್ಕಾ? ಜೀರಿಗೆ ನೀರು ಕುಡಿಯಿರಿ.’

‘ಹೌದು ಅಕ್ಕ, ಗ್ಯಾಸ್ಟ್ರಿಕ್’ ಎಂದೆ. ಅದಕ್ಕೂ ಒಂದು ಚುಕ್ಕಿ.

ಈಗ ಚುಕ್ಕಿಯಿಂದ ಮುಗಿಯದ ಒಂದು ಸಂಗತಿ ಹೇಳುತ್ತೇನೆ. ನಿಮ್ಮ ಆ ಓದುಗರಿಗೆ ನನ್ನ ಉತ್ತರ ಇರುವುದು ಇದರಲ್ಲೇ.

ಮೂರು ವರ್ಷದ ಹಿಂದೆ ಪ್ರಥಮ ಪರಮಪ್ರಸಾದದ ಫ್ರಾಕುಗಳ ರಾಶಿ. ಬಿಳಿ ಸ್ಯಾಟಿನ್. ಮಾರನೇ ದಿನ ಬೆಳಿಗ್ಗೆ ಕೊಡಬೇಕಾದ ಒಂದು ಫ್ರಾಕಿನ ಮೇಲೆ ರಾತ್ರಿ ಹತ್ತೂವರೆಗೆ ಮಿಷಿನಿನಿಂದ ಎಣ್ಣೆ ತೊಟ್ಟಿಕ್ಕಿತು. ಸೊಂಟದ ಎಡಬದಿಗೆ, ಹೆಸರುಕಾಳಿನಷ್ಟು. ಚಾಕಿನ ಪುಡಿ ಉದುರಿಸಿದೆ, ಪೌಡರ್ ಹಾಕಿ ಒತ್ತಿದೆ. ಎಣ್ಣೆ ಹೋಯಿತು, ಹಳದಿ ನೆರಳು ಉಳಿಯಿತು. ಒದ್ದೆ ಮಾಡಿದರೆ ಸ್ಯಾಟಿನ್ ಮೇಲೆ ನೀರಿನ ಗುರುತು ಬೇರೆ. ಆಗ ತಲೆ ಓಡಿತು. ಉಳಿದ ತುಂಡಿನಲ್ಲಿ ಐದು ದಳದ ಹೂ ಮಾಡಿದೆ, ನಡುವೆ ಒಂದು ಮುತ್ತಿನ ಮಣಿ ಇಟ್ಟೆ, ಸರಿಯಾಗಿ ಆ ಕಲೆಯ ಮೇಲೆ ಕೂರಿಸಿದೆ.

ಬೆಳಿಗ್ಗೆ ಮಗುವಿನ ತಾಯಿ ಬಂದವರು ‘ಅಯ್ಯೋ ಎಷ್ಟು ಚಂದ! ನಾನು ಹೇಳಲೇ ಇಲ್ಲವಲ್ಲ, ನೀವೇ ಹಾಕಿದಿರಾ? ಇದಕ್ಕೆ ಎಷ್ಟು?’ ಎಂದರು. ನಾನು ‘ಸುಮ್ನೆ ಐವತ್ತು ಕೊಡಿ’ ಎಂದೆ. ಆ ರಾತ್ರಿ ಹತ್ತು ನಿಮಿಷಕ್ಕೆ ಕೂತಾಗ ಕೃತಜ್ಞತೆಯ ಭಾಗದಲ್ಲಿ ಈ 50 ರೂಪಾಯಿಗೂ ದೇವರಿಗೆ ಥ್ಯಾಂಕ್ಸ್ ಹೇಳಿದ್ದೇನೆ. ನಿಜವಾಗಿ. ಅಂಥ ದಪ್ಪ ಚರ್ಮ ನನ್ನದು.

ಹನ್ನೊಂದು ದಿನ ಹಾಗೇ ಹೋಯಿತು. ಹನ್ನೆರಡನೇ ರಾತ್ರಿ ಬೇರೆ ಯಾವುದೋ ಯೋಚನೆಯಲ್ಲಿದ್ದಾಗ ಆ ಹೂ ಕಣ್ಣ ಮುಂದೆ ಬಂತು. ಬೆಟ್ಟದ ಮೇಲೆ ಯೇಸುಸ್ವಾಮಿ ಹೇಳಿದ ‘ನಿರ್ಮಲಚಿತ್ತರು ಧನ್ಯರು’ ಎಂಬ ಮಾತನ್ನು ಓದುವಾಗೆಲ್ಲ ನನಗೆ ಕಾಣುತ್ತಿದ್ದದ್ದು ಕವರಿನೊಳಗೆ ಮೊಳೆಗೆ ತೂಗು ಹಾಕಿದ ಬಿಳಿ ಫ್ರಾಕು. ಯಾರೂ ಮುಟ್ಟದ್ದು. ಆದರೆ ನಮ್ಮ ಊರಿನ ಮಳೆಗಾಲದಲ್ಲಿ ಕವರಿನೊಳಗೆ ಮುಚ್ಚಿಟ್ಟ ಬಟ್ಟೆಗೇ ಮೊದಲು ಕಪ್ಪು ಚುಕ್ಕಿ ಹಿಡಿಯುವುದು. ಹೊರಗೆ ತೆಗೆದು, ಕೊಡವಿ, ಬಿಸಿಲು ಬಂದಾಗ ಹಾಕುತ್ತಿರಬೇಕು. ಇಪ್ಪತ್ತು ವರ್ಷ ಬಟ್ಟೆಯ ಕೆಲಸ ಮಾಡಿದವಳಿಗೆ ಇದು ಹೊಳೆಯಲು ಇಷ್ಟು ಹೊತ್ತು ಬೇಕಾಯಿತು.

ಕುಮ್ಸಾರಿಗೆ ಹೋದೆ. ಗುರುಗಳು ಎಲ್ಲ ಕೇಳಿ ‘ಆ ಐವತ್ತು ರೂಪಾಯಿ ಎಲ್ಲಿದೆ?’ ಎಂದರು. ನಮ್ಮ ಧರ್ಮಸಭೆಯ ಬೋಧನೆ ಇದರಲ್ಲಿ ಸ್ಪಷ್ಟ. ಕ್ಷಮೆ ಸಿಗುತ್ತದೆ, ಆದರೆ ಮಾಡಿದ ನಷ್ಟವನ್ನು ಆದಷ್ಟು ತುಂಬಿಕೊಡಬೇಕು, ಕದ್ದದ್ದನ್ನು ಹಿಂದೆ ಕೊಡಬೇಕು. ಲೂಕನ ಸುವಾರ್ತೆಯ ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ. ನಾನು 200 ರೂಪಾಯಿಯ ಧೈರ್ಯ ಮಾಡಲಿಲ್ಲ. ಐವತ್ತನ್ನೇ ಪರ್ಸಿನಲ್ಲಿ ಬೇರೆ ಇಟ್ಟುಕೊಂಡು ಅವರ ಮನೆಗೆ ಹೋದೆ.

ಗೇಟಿನ ಹತ್ತಿರ ಎರಡು ಸಲ ನಿಂತೆ. ಒಳಗೆ ಮೇಜಿನ ಮೇಲೆ ಆ ಮಗುವಿನ ಫೋಟೋ, ಕೈಯಲ್ಲಿ ಮೊಂಬತ್ತಿ, ಸೊಂಟದಲ್ಲಿ ನನ್ನ ಹೂ. ವಿಷಯ ಹೇಳಿದೆ. ಅವರು ಏನೂ ಹೇಳದೆ ಕಪಾಟಿನಿಂದ ಫ್ರಾಕು ತಂದರು. ಉಗುರಿನಿಂದ ದಳ ಎತ್ತಿ ನೋಡಿದರು. ‘ಹೇಳಿದ್ದರೆ ನಾನೇ ಹೂ ಹಾಕಿ ಅನ್ನುತ್ತಿದ್ದೆನಲ್ಲ’ ಎಂದರು. ದುಡ್ಡು ಮೊದಲು ಬೇಡವೆಂದರು, ಆಮೇಲೆ ತೆಗೆದುಕೊಂಡರು. ಚಾ ಮಾಡಲೇ ಎಂದು ಕೇಳಲಿಲ್ಲ. ಆಮೇಲೆ ಅವರು ನನ್ನ ಅಂಗಡಿಗೆ ಬಂದಿಲ್ಲ. ಅವರ ಮನೆಯ ಬಟ್ಟೆ ಈಗ ಕುಂಬಳೆಗೆ ಹೋಗುತ್ತದೆ ಎಂದು ಕೇಳಿದ್ದೇನೆ. ಅವರದ್ದು ತಪ್ಪು ಅನ್ನಲಾರೆ. ಇಗರ್ಜಿಯಲ್ಲಿ ಎದುರಾದಾಗ ಇಬ್ಬರೂ ತಲೆ ಆಡಿಸುತ್ತೇವೆ.

ಆದ್ದರಿಂದ ಆ ಓದುಗರಿಗೆ ನಾನು ಹೇಳುವುದಿಷ್ಟು. ಸ್ವಾಮಿ, ಗುರುಗಳ ಕಿವಿಗೆ ಹೇಳುವುದು ಸುಲಭ ಎಂದಿರಿ, ಒಪ್ಪಿದೆ. ಕೇಳಿದ್ದನ್ನು ಅವರು ಜೀವ ಹೋದರೂ ಯಾರಿಗೂ ಹೇಳುವಂತಿಲ್ಲ. ಆದರೆ ಅಲ್ಲಿಗೆ ಲೆಕ್ಕ ಚುಕ್ತಾ ಆಗುವುದಿಲ್ಲ. ಅಲ್ಲಿಂದ ಎದ್ದು ಆ ಗೇಟಿನ ತನಕ ನಡೆಯಬೇಕು. ದಿನಾ ರಾತ್ರಿ ನೋಡದೆ ಇದ್ದರೆ ಯಾವ ಗೇಟು ಎಂದೇ ಗೊತ್ತಿರುವುದಿಲ್ಲ, ನನ್ನ ಹಾಗೆ ತೀರಿಹೋದ ಅಮ್ಮನ ಹೆಸರು ಹೇಳಿ ಎದ್ದು ಬರುತ್ತೇವೆ. ನೀವು ಹಾಸ್ಯ ಮಾಡಿದ್ದು ಅದನ್ನಾದರೆ ನನ್ನದೂ ಒಂದು ಸಹಿ ಹಾಕಿಕೊಳ್ಳಿ.

ನಮ್ಮವರಿಗೂ ಒಂದು ಮಾತು. ಇದು ಅತಿಯಾಗಬಾರದು. ಹೂವಿನ ಗಲಾಟೆಯ ನಂತರ ನನಗೆ ಸ್ವಲ್ಪ ದಿನ ಹುಚ್ಚೇ ಹಿಡಿದ ಹಾಗಾಗಿತ್ತು. ಯಾರದ್ದೋ ನೂಲು ಒಂದು ಗೇಣು ಜಾಸ್ತಿ ಉಳಿದರೂ ಪಾಪ ಅನ್ನಿಸುತ್ತಿತ್ತು. ರಾತ್ರಿ ಹತ್ತು ನಿಮಿಷ ಒಂದು ಗಂಟೆಯಾಯಿತು. ಗುರುಗಳೇ ಬೈದರು. ಇಗ್ನೇಷಿಯಸ್ ಕೂಡ 1522ರಲ್ಲಿ ಮನ್ರೇಸ ಎಂಬ ಊರಿನಲ್ಲಿ ಇದೇ ಕಾಟಕ್ಕೆ ಸಿಕ್ಕಿ, ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ಹೇಳಿ, ಸಾಯುವ ಯೋಚನೆಯ ತನಕ ಹೋಗಿದ್ದರಂತೆ. ಲ್ಯಾಟಿನಿನಲ್ಲಿ ಇದಕ್ಕಿರುವ ಹೆಸರಿನ ಅರ್ಥ ಚೂಪಾದ ಸಣ್ಣ ಕಲ್ಲು ಎಂದು ಗುರುಗಳು ಹೇಳಿದರು. ಚಪ್ಪಲಿಯೊಳಗೆ ಸೇರಿಕೊಂಡರೆ ನಡೆಯಲು ಬಿಡುವುದಿಲ್ಲ ಅಲ್ವಾ, ಅಂಥದ್ದು. ಈಗ ಗಡಿಯಾರ ನೋಡಿ ಕೂರುತ್ತೇನೆ, ಹತ್ತು ನಿಮಿಷಕ್ಕೆ ಏಳುತ್ತೇನೆ.

ಈ ವಾರದ ಗೆರೆಗಳು: ಸೋಮವಾರ ನಾಲ್ಕು ಚುಕ್ಕಿ, ಮಂಗಳವಾರ ಎರಡು, ಇವತ್ತು ಬುಧವಾರ ಮಧ್ಯಾಹ್ನದೊಳಗೆ ಐದು. ಸಂತರ ನಕ್ಷೆಯ ಹಾಗೆ ಗಿಡ್ಡವೇನೂ ಆಗುತ್ತಿಲ್ಲ. ಆದರೂ ಒಂದು ಬದಲಾವಣೆ ಇದೆ. ‘ನಾಳೆ’ ಎಂದು ಬಾಯಿಗೆ ಬಂದದ್ದನ್ನು ನುಂಗಿ ‘ಇನ್ನೂ ಕತ್ತರಿಸಿಲ್ಲ, ಮುಂದಿನ ಗುರುವಾರ’ ಎಂದು ಹೇಳಿದಾಗ ಗಿರಾಕಿಗಳು ಮೊದಮೊದಲು ಮುಖ ಊದಿಸಿದರು. ಈಗ ಕೆಲವರು ಗುರುವಾರವೇ ಬರುತ್ತಾರೆ.

ಪತ್ರ ಹಾಕುವುದಾದರೆ ಹೆಸರು ಹಾಕಬೇಡಿ. ಹಾಕದಿದ್ದರೂ ಬೇಳದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಅದು ಬೇರೆ ವಿಷಯ. ನೀರ್ಚಾಲಿನ ಅಕ್ಕ ಹೊರಗೆ ಚಪ್ಪಲಿ ಬಿಡುತ್ತಿದ್ದಾರೆ. ಅವರ ರವಕೆಗೆ ಇನ್ನೂ ಕೈ ಹಚ್ಚಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ.

ಇತಿ,
ಒಬ್ಬ ಟೈಲರ್,
ಬೇಳ, ಕಾಸರಗೋಡು ಜಿಲ್ಲೆ