ಆ ಡಾಲರ್ ಚಿಹ್ನೆಯನ್ನು ಯಾರು ಟೈಪ್ ಮಾಡಬೇಕು?

ಪುಟ್ಟಾ,

ನೀನು ಕಳಿಸಿದ ಸೆಟಪ್ ಗೈಡ್ ಓದಿದೆ. ನನಗೆ ಎಲ್ಲಾ ಅರ್ಥವಾಯಿತು. ಇಪ್ಪತ್ತು ವರ್ಷ ಸರ್ವರ್ ನೋಡಿಕೊಂಡವಳಿಗೆ ಅರ್ಥವಾಗಿ ಏನು ಬಂತು ಹೇಳು? ಅದಕ್ಕೇ ಪಕ್ಕದ ಮನೆ ಹುಡುಗನನ್ನು ಕೂರಿಸಿದೆ. ಈಗಷ್ಟೇ ಬಿಸಿಎ ಸೇರಿದ್ದಾನೆ, ಲಿನಕ್ಸ್ ಮುಟ್ಟಿ ಎರಡು ವಾರವಾಗಿದೆ. ನಾನು ಬಾಯಿ ಬಿಡಬಾರದು ಅಂದುಕೊಂಡು ಕಾಫಿ ಲೋಟ ಹಿಡಿದು ಹಿಂದೆ ಕೂತೆ.

ಮೊದಲ ಸಾಲಿನಲ್ಲೇ ಎಡವಿದ. 'ಇಲ್ಲಿ ಟೈಪ್ ಮಾಡು' ಅಂತ ತೋರಿಸಲು ನೀನು $ ಹಾಕಿ ಪಕ್ಕದಲ್ಲಿ ಕಮಾಂಡ್ ಬರೆದಿದ್ದೀಯ, ಅವನು ಇಡೀ ಸಾಲನ್ನು ಕಾಪಿ ಮಾಡಿ ಪೇಸ್ಟ್ ಮಾಡಿದ. 'ಕಮಾಂಡ್ ನಾಟ್ ಫೌಂಡ್' ಅಂತ ಬಂತು. ಇದಾದರೂ ಪರವಾಗಿಲ್ಲ, ಬೈಸಿಕೊಂಡಾಗ ತಪ್ಪು ಗೊತ್ತಾಗುತ್ತದೆ. ಮುಂದೆ ರೂಟ್ ಯೂಸರ್, ಅಂದರೆ ಎಲ್ಲಾ ಅಧಿಕಾರ ಇರುವ ಯೂಸರ್ ಅಂತ ತೋರಿಸಲು # ಹಾಕಿದ್ದೀಯಲ್ಲ, ಅದನ್ನೂ ಹಾಗೇ ಪೇಸ್ಟ್ ಮಾಡಿದ. ಕಮಾಂಡ್ ಓದಿ ನಡೆಸುವ ಬ್ಯಾಶ್‌ಗೆ # ಅಂದರೆ ಕಾಮೆಂಟ್, ಬರೀ ಟಿಪ್ಪಣಿ, ಸಾಲನ್ನೇ ಬಿಟ್ಟುಬಿಟ್ಟಿತು, ಒಂದು ಮಾತೂ ಆಡಲಿಲ್ಲ. ಇವನು "ಆಯ್ತು ಆಂಟಿ" ಅಂತ ಮುಂದಕ್ಕೆ ಹೋದ. ಇನ್‌ಸ್ಟಾಲೇ ಆಗಿಲ್ಲ! ಅವನನ್ನು ಬೈಯುವ ಹಾಗೂ ಇಲ್ಲ, ಯಾಕೆಂದರೆ ಅದಕ್ಕೆ ಮುಂಚೆ ಸಿಪಿ ಕಮಾಂಡ್ ಕೂಡ ಫೈಲ್ ಕಾಪಿ ಮಾಡಿ ಸುಮ್ನೆ ಕೂತಿತ್ತು, ಅಲ್ಲಿ ಸುಮ್ನಿರುವುದೇ ಸರಿ ಅಲ್ವಾ. 'ಇಲ್ಲಿ ಏನೂ ಕಾಣಿಸದಿದ್ದರೆ ಕೆಲಸ ಆಗಿದೆ' ಅಂತ ಒಂದು ಸಾಲು ಬರೆಯೋದಕ್ಕೆ ನಿನಗೇನು ಕಷ್ಟ? ರೂಟ್ ಅಧಿಕಾರದಲ್ಲಿ ಕಮಾಂಡ್ ನಡೆಸುವ ಸುಡೋ ಪಾಸ್‌ವರ್ಡ್ ಕೇಳಿದಾಗ ಅಕ್ಷರ ಮೂಡದ್ದು ನೋಡಿ, ಕೀಬೋರ್ಡ್ ಕೆಟ್ಟಿದೆ ಅಂತ ಕೀಗಳನ್ನು ಕುಟ್ಟತೊಡಗಿದ್ದ ಪಾಪ.

ಟೈಪ್ ಮಾಡಬೇಕಾದ್ದನ್ನು ಒಂದು ಬಾಕ್ಸ್‌ನಲ್ಲಿ ಹಾಕು, $ ಬೇಡ, # ಬೇಡ. ಕೆಳಗೆ 'ಹೀಗೆ ಕಾಣಬೇಕು' ಅಂತ ಬರೆದು ಕಂಪ್ಯೂಟರಿನ ಉತ್ತರವನ್ನು ಬೇರೆ ಬಾಕ್ಸ್‌ನಲ್ಲಿ ಕೊಡು.

ಆ ಉತ್ತರದಲ್ಲೂ ಒಂದು ತೊಡಕಿದೆ. ಫೈಲ್‌ಗಳ ಬದಲಾವಣೆ ದಾಖಲಿಸುವ ಗಿಟ್‌ನಲ್ಲಿ ಕಮಿಟ್ ಮಾಡಿದ ಮೇಲೆ, ಆ ದಾಖಲೆಯ ಗುರುತಾಗಿ ಬರುವ ಏಳು ಅಕ್ಷರದ ಹ್ಯಾಶ್ ಇದೆಯಲ್ಲ, ಅದನ್ನು ಹುಡುಗ ನಿನ್ನ ಗೈಡ್ ಜೊತೆ ಒಂದೊಂದೇ ಅಕ್ಷರ ಹೋಲಿಸಿ ನೋಡಿದ. ಬರೆದವರ ಹೆಸರು, ಸಮಯ ಎಲ್ಲಾ ಸೇರಿ ಆಗುವ ಹ್ಯಾಶ್ ಒಂದೇ ಆಗುವುದು ಹೇಗೆ? ನಿನ್ನಲ್ಲಿ ಬ್ರ್ಯಾಂಚ್, ಅಂದರೆ ಕೆಲಸದ ಕವಲಿನ ಹೆಸರು ಮೇನ್, ಅವನಲ್ಲಿ ಮಾಸ್ಟರ್. 2020ರಲ್ಲಿ ಬಂದ ಗಿಟ್ 2.28ನೇ ಆವೃತ್ತಿಯಿಂದ ಮೊದಲ ಬ್ರ್ಯಾಂಚಿನ ಹೆಸರನ್ನು ಅವರವರೇ ಆರಿಸಿಕೊಳ್ಳಬಹುದು, ನೀನು ಯಾವತ್ತೋ ಬದಲಾಯಿಸಿ ಮರೆತಿರುತ್ತೀಯ. ಇವನು ಮೂರು ಸಲ ಫೋಲ್ಡರ್ ಅಳಿಸಿ ಮತ್ತೆ ಶುರು ಮಾಡಿದ. ಯಾವುದು ಬೇರೆ ಬರಬಹುದು, ಯಾವುದು ಹಾಗೇ ಇರಲೇಬೇಕು ಅಂತ ಪಕ್ಕದಲ್ಲೇ ಹೇಳಿಬಿಡು.

ಇನ್ನೊಂದು ಕಂಪ್ಯೂಟರ್ ಉತ್ತರ ಕೊಡುತ್ತದಾ ಅಂತ ನೋಡುವ ಪಿಂಗ್ ಉದಾಹರಣೆ ವಿಂಡೋಸ್‌ನಲ್ಲಿ ತೆಗೆದದ್ದಿರಬೇಕು, ನಾಲ್ಕೇ ಸಲಕ್ಕೆ ನಿಂತಿದೆ. ಲಿನಕ್ಸ್‌ನಲ್ಲಿ ಕಂಟ್ರೋಲ್ ಸಿ ಒತ್ತುವ ತನಕ ಓಡುತ್ತಲೇ ಇರುತ್ತದೆ, ನನ್ನ ಕಾಫಿ ಮುಗಿದರೂ ಅದು ಮುಗಿಯಲಿಲ್ಲ. ಅಲ್ಲಿ ನಿಮ್ಮ ಆಫೀಸ್ ಸರ್ವರಿನ ನಿಜವಾದ ಅಡ್ರೆಸ್ ಬೇರೆ ಹಾಕಿದ್ದೀಯ ಮಾರಾಯ, ಇವತ್ತೇ ತೆಗಿ. ಉದಾಹರಣೆಗೆ ಅಂತಲೇ 192.0.2 ಇಂದ ಶುರುವಾಗುವ ಅಡ್ರೆಸ್‌ಗಳನ್ನು ಮೀಸಲಿಟ್ಟಿದ್ದಾರೆ. ಆದರೆ ಅವಕ್ಕೆ ಪಿಂಗ್ ಮಾಡಿದರೆ ಉತ್ತರ ಬರುವುದಿಲ್ಲ, 'ನಿಮ್ಮ ಸರ್ವರಿನ ಅಡ್ರೆಸ್ ಹಾಕಿಕೊಳ್ಳಿ' ಅಂತ ಸೇರಿಸು. ಅದನ್ನು < > ಒಳಗೆ ಮಾತ್ರ ಬರೆಯಬೇಡ, ಅದನ್ನೂ ಹಾಗೇ ಪೇಸ್ಟ್ ಮಾಡುತ್ತಾನೆ, ಬ್ಯಾಶ್ ಅದನ್ನು ಫೈಲ್ ಹೆಸರು ಅಂದುಕೊಂಡು ಹುಡುಕಲು ಹೊರಡುತ್ತದೆ.

ಭಾನುವಾರ ಹುಡುಗನನ್ನು ಮತ್ತೆ ಕರೆದಿದ್ದೇನೆ, ಮಸಾಲೆ ದೋಸೆ ಆಸೆ ತೋರಿಸಿ. ಶನಿವಾರ ರಾತ್ರಿಯೊಳಗೆ ತಿದ್ದಿ ಕಳಿಸು.

ನಿನ್ನ ಚಿಕ್ಕಮ್ಮ